ಗ್ರಹಣದ ಪಾಠ

"ವಿಜ್ಞಾನಕ್ಕೆ ಮೂರು ಸಾವಿರ, ಇತಿಹಾಸಕ್ಕೆ ಎರಡು."

"ಅಷ್ಟಕ್ಕೆ ಒಂದು ಆಡೇ ಬರ್ತೈತೆ."

ನ್ಯಾಮತಿ ಬಸ್ ನಿಲ್ದಾಣದಲ್ಲಿ ನನ್ನ ಪಕ್ಕ ಕೂತು ಪುಸ್ತಕಗಳ ಬೆಲೆ ಲೆಕ್ಕ ಹಾಕುತ್ತಿದ್ದವರು ಅಂಬಿಕಾ ಮತ್ತು ಅವಳ ಅತ್ತೆ ಹೊನ್ನೂರಮ್ಮ. ಶಾಲೆಯ ಪಾಠ ಸಾಲದ ತನ್ನ ಚುರುಕು ಮಗಳಿಗೆ ಮನೆಯಲ್ಲೇ ಕಲಿಸಲು ಅಂಬಿಕಾಗೆ ಪುಸ್ತಕಗಳ ಸೆಟ್ ಬೇಕಿತ್ತು.

"ಇತಿಹಾಸದಾಗೆ ದೇವರ ಕಥೆ ಐತಾ?"

"ಅದನ್ನ ನೀವು ಹೇಳ್ರಿ ಅತ್ತೆ. ಪುಸ್ತಕದಾಗೆ ನಡೆದದ್ದಷ್ಟೇ ಇರ್ಲಿ."

"ಗ್ರಹಣಕ್ಕೆ ರಾಹು?"

"ಅವನೂ ಇಲ್ಲ. ಬರೀ ನೆರಳು. ಗ್ರಹಣದಾಗೆ ಉಂಡ್ರೆ ಏನೂ ಆಗಲ್ಲ ಅಂತ ಬರೆದೈತೆ."

ಹೊನ್ನೂರಮ್ಮ ದನಿ ತಗ್ಗಿಸಿದರು.

"ಹೋದ ಗ್ರಹಣದಾಗೆ ನಿಮ್ಮ ಮಾವನ ಮಾತಿಗೆ ಉಪವಾಸ ಕೂತು, ಶುಗರ್ ಇಳಿದು ಬಿದ್ದಿದ್ದೆ. ಆ ಪುಸ್ತಕನೇ ತಗೊ."

"ಆಡು ಬರ್ತೈತೆ ಅಂದ್ರಲ್ಲ?"

"ಆಡು ನಿಮ್ಮ ಮಾವಗೆ ಬುದ್ಧಿ ಹೇಳ್ತೈತಾ? ಆ ಪಾಠನ ಮಗು ಅವರ ಮುಂದೆ ಜೋರಾಗಿ ಓದ್ಲಿ."

ಹತ್ತಬೇಕಿದ್ದ ಸವಳಂಗದ ಬಸ್ಸನ್ನು ಬಿಟ್ಟು ಇಬ್ಬರೂ ಪುಸ್ತಕದಂಗಡಿಯತ್ತ ನಡೆದರು. ಇನ್ನು ಮಗುವಿಗೆ ಪುಸ್ತಕ ಸಿಗುತ್ತದೆ, ಅಜ್ಜಿಗೆ ಗ್ರಹಣದ ದಿನದ ಊಟ.