ಬಾಯಿಗಿಡದ ಪಿಪೆಟ್ಟು

ರಂಜಾನ್ ತಿಂಗಳು. ಹೆಬ್ಬಾಳದ ಬಸ್ ಸ್ಟಾಪಿನಲ್ಲಿ ನನ್ನ ಪಕ್ಕ ಒಂದೇ ಲ್ಯಾಬಿನ ಇಬ್ಬರು ಹುಡುಗಿಯರು ಕೂತಿದ್ದರು.

"ಗೌಹರ್, ಸಾರ್ ಏನಂದ್ರೇ?"

"ಆ ವಿಷದ ದ್ರಾವಣಾನ ಪಿಪೆಟ್ಟಿನ ಗಾಜಿನ ಕೊಳವೇಲಿ ಎಲ್ರ ಥರ ಬಾಯಲ್ಲೇ ಹೀರ್ಬೇಕಂತೆ. ರೋಜಾ ಉಪವಾಸ ಇದೀನಿ, ಬಾಯಿಗೇನೂ ಇಡಲ್ಲ ಅಂದೆ. ಹಾಗಾದ್ರೆ ರಜ ಹಾಕು, ನಿನ್ನ ಡಿಎನ್ಎ ಕೆಲಸ ಬೇರೆಯವ್ರು ಮುಗಿಸ್ತಾರೆ ಅಂದ್ರು."

"ಹಾಕ್ತೀಯಾ?"

"ಯಾಕೆ ಹಾಕ್ಲಿ? ಪಿಪೆಟ್ಟಿನ ತುದಿಗೆ ರಬ್ಬರ್ ನಳಿಗೆ ಸಿಗಿಸಿ, ಸಿರಿಂಜಲ್ಲಿ ಎಳೆದೆ. ಒಂದು ಹನಿ ಹೆಚ್ಚುಕಮ್ಮಿ ಆಗ್ಲಿಲ್ಲ."

"ಡಾಕ್ಟ್ರಮ್ಮ ಆಗ್ಬಿಟ್ಟೆ ಅನ್ನು. ಸಾರ್ ನೋಡಿದ್ರಾ?"

"ಎದುರಿಗೇ ನಿಂತು ನೋಡಿದ್ರು. ಹಬ್ಬದವರೆಗೆ ತಾನೇ, ಮಾಡ್ಕೋ ಅಂದ್ರು."

"ಸದ್ಯ, ಒಪ್ಪಿದ್ರಲ್ಲ."

"ನಾನೆಲ್ಲಿ ಒಪ್ಪಿದೆ? ಹಬ್ಬ ಆದ್ಮೇಲೂ ಆ ವಿಷಾನ ಬಾಯಿಗಿಡಲ್ಲ ಸಾರ್ ಅಂದೆ."

ಯಲಹಂಕದ ಬಸ್ಸು ಬಂತು. ಹತ್ತುತ್ತಾ ಗೆಳತಿ ಮೆಲ್ಲಗೆ ಕೇಳಿದಳು:

"ನಂಗೂ ಒಂದು ಮಾಡ್ಕೊಡ್ತೀಯೇನೇ?"