ತುಪ್ಪದ ಡಬ್ಬಿಯ ತಗಡು

ಎರಡನೆಯ ಮಹಾಯುದ್ಧ ಮುಗಿದ ಮರುವರ್ಷದ ಮಾತು. ಗಡಹಿಂಗ್ಲಜದ ಊರಂಚಿನಲ್ಲಿ ನೇಸರಿಗೆ ಹೋಗುವ ಮೋಟಾರಿಗೆ ಕಾಯುತ್ತ ಕುಳಿತ ಸಾವಕ್ಕ ಎಲೆಯಡಿಕೆ ಚೀಲ ಬಿಚ್ಚಿದವಳು, ಪಕ್ಕದ ಮಾತಿಗೆ ಕಿವಿಗೊಟ್ಟು ಹಾಗೇ ಕೂತಳು. ಮಿಲಿಟರಿಯವರ ಹರಾಜಿನಲ್ಲಿ ಕೊಂಡ ಜೀಪಿನ ಮುಂದಿನ ಗಾಲಿಯನ್ನು ಜಾಕಿನ ಮೇಲೆತ್ತಿ, ರಾಮಲಿಂಗ ಮಿಸ್ತ್ರಿ ಮೇಲೊಂದು ಕೆಳಗೊಂದು ಕೈಯಿಟ್ಟು ಅಲುಗಾಡಿಸುತ್ತಿದ್ದ. ಗಾಲಿ ಟಕ್ ಟಕ್ ಎನ್ನುತ್ತಿತ್ತು.

“ಯಾವಾಗ ನಡಗತೈತ್ರಿ, ಪಾಟೀಲ್ರ?”

“ಮೂವತ್ತ ಮೈಲಿ ಸ್ಪೀಡ ಆತಂದ್ರ ಸ್ಟೇರಿಂಗ ಕೈಯಾಗ ನಿಲ್ಲೂದಿಲ್ಲ,” ಎಂದ ಜೀಪಿನ ಯಜಮಾನ ಬಾಳಗೊಂಡ ಪಾಟೀಲ. “ರುಮಾಲ ಹಾರಿದ್ರೂ ಒಂದ ಕೈ ಬಿಡಾಕ ಬರೂದಿಲ್ಲ. ಬಸರಿ ಮಗಳನ್ನ ಇವತ್ತ ಕೊಲ್ಹಾಪುರದಿಂದ ಕರಕೊಂಡ ಬರಬೇಕ.”

“ಗಾಲಿ ಹೊರಳೂ ಕಡೆ ಇರೂ ಈ ಮುಚ್ಚಳ ಯಾರ ಬಿಚ್ಚಿದ್ರಿ?”

“ನಾನ. ಸ್ಟೇರಿಂಗ ಬಿಗಿ ಅನಸ್ತು. ತುಪ್ಪದ ಡಬ್ಬಿ ತಗಡ ಕತ್ತರಿಸಿ ಎರಡೂ ಗಾಲಿ ಮುಚ್ಚಳದ ಕೆಳಗ ಇಟ್ಟೀನಿ. ಗಾಲಿ ಅಂದಮ್ಯಾಲ ಒಂದೀಟ ಸಡಲ ಇರಬೇಕಲ್ಲ.”

“ಎತ್ತಿನ ಚಕ್ಕಡಿಗಿ ಇರಬೇಕ್ರಿ, ಇದಕ್ಕಲ್ಲ. ನಿಮ್ಮ ತಗಡಿಂದ ಮುಚ್ಚಳ ಮ್ಯಾಲೆದ್ದು, ಅದು ಒತ್ತಿ ಹಿಡಿಯೂ ಒಳಗಿನ ಬೇರಿಂಗ ಸಡಲ ಆಗಿ ಗಾಲಿ ಕುಣ್ಯಾಕತ್ತೈತಿ.”

ಮಿಸ್ತ್ರಿ ಎರಡೂ ಕಡೆಯ ತಗಡು ತೆಗೆದು ಮುಚ್ಚಳ ಬಿಗಿದ. ಮತ್ತೆ ಅಲುಗಾಡಿಸಿದ. ಸದ್ದಿಲ್ಲ.

“ಇಷ್ಟ ಏನ?”

“ಇಷ್ಟ ರೀ.”

“ಮಗಳನ್ನ ಕುಂಡ್ರಸಬಹುದಾ?”

“ಮೊದಲ ನಾನ ಕುಂಡರ್ತೇನಿ, ನಡೀರಿ.”

“ಮತ್ತ ಈ ತಗಡ?”

“ಚಕ್ಕಡಿಗಿ ಇಟಕೊಳ್ರಿ.”

ಮಿಸ್ತ್ರಿಯನ್ನು ಪಕ್ಕದಲ್ಲಿ ಕೂರಿಸಿಕೊಂಡ ಬಾಳಗೊಂಡನ ಜೀಪು ಧೂಳೆಬ್ಬಿಸಿಕೊಂಡು ಕೊಲ್ಹಾಪುರದ ದಾರಿ ಹಿಡಿಯಿತು. ಸಾವಕ್ಕ ಎದ್ದು ನಿಂತು ನೋಡಿದಳು. ಮುಂದಿನ ನೇರ ರಸ್ತೆಯಲ್ಲಿ ಜೀಪು ಜೋರು ಹಿಡಿದ ಮೇಲೆ, ಬಾಳಗೊಂಡನ ಒಂದು ಕೈ ನಿಧಾನವಾಗಿ ಮೇಲೆದ್ದು ರುಮಾಲನ್ನು ಸರಿಮಾಡಿಕೊಂಡಿತು.