ಬೆರಳು ಮೊದಲು ನಡೆದ ಕಟ್ಟಡ

ಇಂದಿನ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ನಮ್ಮ ಶಾಲೆಯ ಆಡಳಿತ ಮಂಡಳಿಯ ಅಧ್ಯಕ್ಷರೂ ಆದ ಶ್ರೀ ರುದ್ರಸ್ವಾಮಿಯವರೇ, ಈ ಹೊಸ ವಸತಿನಿಲಯದ ನಕ್ಷೆ ಬರೆದು ಕಟ್ಟಿಸಿಕೊಟ್ಟ ಎಂಜಿನಿಯರ್ ಶ್ರೀ ಮಹೇಶ್ ಅವರೇ, ಆರ್ಕಿಟೆಕ್ಚರ್ ಕಾಲೇಜಿನ ಪ್ರಾಧ್ಯಾಪಕಿ ಶ್ರೀಮತಿ ಗಿರಿಜಾಂಬಾ ಅವರೇ, ಅವರ ವಿದ್ಯಾರ್ಥಿಗಳಾದ ಗಗನ ಮತ್ತು ಸ್ವರೂಪ್ ಅವರೇ, ನನ್ನ ಸಹೋದ್ಯೋಗಿಗಳೇ, ಪೋಷಕರೇ, ಮುಂದಿನ ಸಾಲಿನಲ್ಲಿ ಸದ್ದು ಮಾಡದೆ ಕುಳಿತಿದ್ದೇವೆಂದು ತಿಳಿದುಕೊಂಡಿರುವ ನಮ್ಮ ಮಕ್ಕಳೇ, ಮತ್ತು ಸಭಿಕರೇ,

ವೇದಿಕೆಯ ಮೇಲೆ ಇನ್ನೂ ಒಬ್ಬರು ಇದ್ದಾರೆಂದು ನನಗೆ ಅನ್ನಿಸುತ್ತಿದೆ. ಎಡಗಡೆಯ ಕೊನೆಯ ಕುರ್ಚಿ ಎರಡು ಸಲ ಕಿರುಗುಟ್ಟಿತು. ಆದರೆ ಅವರು ಇದುವರೆಗೆ ಕೆಮ್ಮಲಿಲ್ಲ, ಮಾತನಾಡಲಿಲ್ಲ. ಅವರಿಗೂ ನನ್ನ ವಂದನೆಗಳು. ಕುರ್ಚಿ ಕಿರುಗುಟ್ಟಿದ್ದಕ್ಕೆ ಕ್ಷಮೆಯಿರಲಿ, ಅದನ್ನು ಹೆಣೆದವನು ನಾನೇ.

ನನ್ನ ಹೆಸರು ಮರಿಸ್ವಾಮಿ. ಈ ಅಂಧ ಮಕ್ಕಳ ಶಾಲೆಯಲ್ಲಿ ಮೂವತ್ತೆರಡು ವರ್ಷಗಳಿಂದ ಬೆತ್ತದ ಕುರ್ಚಿ ಹೆಣೆಯುವುದನ್ನು ಕಲಿಸುತ್ತಿದ್ದೇನೆ. ಅದಕ್ಕೂ ಮೊದಲು ಇಲ್ಲೇ ಓದಿದೆ. ಹುಟ್ಟಿದಂದಿನಿಂದ ನನಗೆ ಕಣ್ಣು ಕಾಣದು. ಆರ್ಕಿಟೆಕ್ಚರ್ ವಿದ್ಯಾರ್ಥಿಗಳು ಈ ಕಟ್ಟಡಕ್ಕೆ ಹೇಗೆ ನೆರವಾದರು ಎಂಬುದನ್ನು ಐದು ನಿಮಿಷಗಳಲ್ಲಿ ಹೇಳಬೇಕೆಂದು ಅಧ್ಯಕ್ಷರು ಅಪ್ಪಣೆ ಮಾಡಿದ್ದಾರೆ. ಐದು ನಿಮಿಷ ಮೀರಿದರೆ ಗಂಟೆ ಬಾರಿಸುತ್ತಾರಂತೆ. ಗಡಿಯಾರ ತೋರಿಸಿದರೆ ನಿಲ್ಲಿಸುವವನು ನಾನಲ್ಲ ಎಂಬುದು ಅವರಿಗೆ ಚೆನ್ನಾಗಿ ಗೊತ್ತು.

ಸಭಿಕರೇ, ಕಟ್ಟಡದ ನಕ್ಷೆ ಎಂದರೆ ಏನು? ನಿಮಗೆ ಅದೊಂದು ಚಿತ್ರ. ನನಗೆ ಅದು ನುಣ್ಣನೆಯ, ತಣ್ಣನೆಯ ಒಂದು ಕಾಗದ. ಹಲವು ವರ್ಷಗಳಿಂದ ನಾನು ನಮ್ಮ ಶಾಲೆಯ ಕಟ್ಟಡ ಸಮಿತಿಯ ಸದಸ್ಯ. ಸಮಿತಿಯಲ್ಲಿ ಕಣ್ಣು ಕಾಣದವನು ನಾನೊಬ್ಬನೇ. ಮೇಜಿನ ಮೇಲೆ ನಕ್ಷೆ ಹರಡುತ್ತಿದ್ದರು, ಎಲ್ಲರೂ ಬಗ್ಗಿ ನೋಡುತ್ತಿದ್ದರು, ಕೊನೆಗೆ "ಮರಿಸ್ವಾಮಿಯವರೇ, ನಿಮ್ಮ ಅಭಿಪ್ರಾಯ?" ಎಂದು ಕೇಳುತ್ತಿದ್ದರು. ನಾನು ಕಾಗದದ ಮೇಲೆ ಒಮ್ಮೆ ಕೈಯಾಡಿಸಿ, "ಚೆನ್ನಾಗಿದೆ ಸಾರ್" ಎನ್ನುತ್ತಿದ್ದೆ. ಏನು ಚೆನ್ನಾಗಿತ್ತು? ಕಾಗದ ಚೆನ್ನಾಗಿತ್ತು.

ಇದು ನನ್ನ ಹಳೆಯ ಅಭ್ಯಾಸ. ನೆಂಟರ ಮನೆಗೆ ಹೋದರೆ ಮದುವೆಯ ಆಲ್ಬಮ್ಮನ್ನು ನನ್ನ ತೊಡೆಯ ಮೇಲೆ ಇಡುವವರಿದ್ದಾರೆ. ನಾನು ಒಂದೊಂದೇ ಹಾಳೆ ತಿರುಗಿಸುತ್ತಾ "ಚೆನ್ನಾಗಿದೆ, ಚೆನ್ನಾಗಿದೆ" ಎನ್ನುತ್ತಿದ್ದೆ. ಒಂದು ಸಲ ನನ್ನ ಹೆಂಡತಿ ದೇವಿರಮ್ಮ, ಅವಳೇ ನಮ್ಮ ಹಾಸ್ಟೆಲ್ಲಿನ ಅಡುಗೆಮನೆಯ ಮುಖ್ಯಸ್ಥೆ, ಅವಳಿಗೆ ಕಣ್ಣು ಚೆನ್ನಾಗಿ ಕಾಣುತ್ತದೆ, ನನ್ನ ಕಿವಿಯಲ್ಲಿ ಹೇಳಿದಳು: "ತಲೆಕೆಳ್ಗಾಗಿ ಇಟ್ಕೊಂಡಿದ್ದೀರ ಕಣ್ರೀ. ಮದ್ವೆ ಹೆಣ್ಣು ಶೀರ್ಷಾಸನ ಆಕ್ತಾವ್ಳೆ."

ನಗಬಹುದು. ಆದರೆ ಗೊತ್ತಾಗಲಿಲ್ಲ ಎಂದು ನಾನೇಕೆ ಹೇಳುತ್ತಿರಲಿಲ್ಲ? ಇದನ್ನು ಹೇಳಬೇಕೆಂದು ನಾನು ಇಲ್ಲಿಗೆ ಬಂದಿರಲಿಲ್ಲ, ಬಾಯಿಗೆ ಬಂದಿದೆ, ಹೇಳಿಬಿಡುತ್ತೇನೆ. ನನಗೆ ಹೆದರಿಕೆಯಿತ್ತು. ನಕ್ಷೆ ಓದಲು ಬಾರದವನು ಸಮಿತಿಯಲ್ಲಿ ಏಕೆ ಇರಬೇಕು ಎಂದು ಯಾರಾದರೂ ಕೇಳಿಬಿಟ್ಟರೆ? ನನ್ನನ್ನು ತೆಗೆದರೆ ಆ ಕುರ್ಚಿಗೆ ನಮ್ಮಂಥ ಇನ್ನೊಬ್ಬನನ್ನು ಕೂರಿಸುತ್ತಾರೆಂಬ ಭರವಸೆ ಇರಲಿಲ್ಲ. ಹಾಗಾಗಿ ಕುರ್ಚಿ ಉಳಿಸಿಕೊಂಡೆ, ಮಾತು ಬಿಟ್ಟುಕೊಟ್ಟೆ.

ಎರಡು ಸಾವಿರದ ಎರಡರಲ್ಲಿ ಹೊಸ ಸ್ನಾನದ ಮನೆ ಕಟ್ಟಿದರು. ಅದಕ್ಕೂ ನಾನು "ಚೆನ್ನಾಗಿದೆ" ಎಂದಿದ್ದೆ. ಬಾಗಿಲು ದಾಟಿದ ಕೂಡಲೇ ಅರ್ಧ ಅಡಿ ಕೆಳಗಿಳಿಯುವ ಒಂದು ಮೆಟ್ಟಿಲು. ಕಣ್ಣಿದ್ದವರಿಗೆ ಅದು ನೀರು ಹೊರಗೆ ಬರದಂತೆ ಮಾಡಿದ ಅನುಕೂಲ. ಆಗ ತಾನೇ ಶಾಲೆಗೆ ಸೇರಿದ್ದ ಲಾಸ್ಯ ಎಂಬ ಆರು ವರ್ಷದ ಹುಡುಗಿ ಅಲ್ಲಿ ಬಿದ್ದು ಕೈ ಮುರಿದುಕೊಂಡಳು. ಮುಂದಿನ ಹಲ್ಲೂ ಒಂದು ಹೋಯಿತು. ಅದು ಬೀಳುವ ಹಲ್ಲೇ ಆಗಿತ್ತು ಎಂದು ಡಾಕ್ಟರು ಸಮಾಧಾನ ಹೇಳಿದರು. ಕೈಗೆ ಹಾಗೆ ಹೇಳಲಾಗಲಿಲ್ಲ. ಆರು ವಾರ ಪ್ಲಾಸ್ಟರ್ ಹಾಕಿಕೊಂಡು ಆ ಮಗು ನನ್ನ ತರಗತಿಯಲ್ಲಿ ಕುಳಿತಿರುತ್ತಿತ್ತು. ಒಂದು ದಿನ ಕೇಳಿತು:

"ಮೇಷ್ಟ್ರೇ, ಅಲ್ಲಿ ಮೆಟ್ಲಿದೆ ಅಂತ ನಿಮ್ಗೆ ಗೊತ್ತಿತ್ತಾ?"

"ಇಲ್ಲ ಕಣಮ್ಮ, ನನ್ಗೂ ಗೊತ್ತಿರ್ಲಿಲ್ಲ."

ನಾನು ಹೇಳಿದ್ದು ನಿಜ. ಆದರೆ ಕೇಳಿ ತಿಳಿದುಕೊಳ್ಳುವ ಅವಕಾಶ ನನಗಿತ್ತು ಎಂಬುದನ್ನು ಹೇಳಲಿಲ್ಲ.

ಮೂರು ವರ್ಷಗಳ ನಂತರ ಈ ವಸತಿನಿಲಯದ ನಕ್ಷೆ ಬಂತು. ಅದಕ್ಕೂ ಒಪ್ಪಿಗೆ ಕೊಟ್ಟೆ, ರುಜು ಹಾಕಿದೆ. ಬುದ್ಧಿ ಬಂದಿರಲಿಲ್ಲವೇ ಎಂದು ನೀವು ಕೇಳಬಹುದು. ಬಂದಿತ್ತು. ಧೈರ್ಯ ಬಂದಿರಲಿಲ್ಲ.

ಅದೇ ತಿಂಗಳು ಗಿರಿಜಾಂಬಾ ಮೇಡಂ ಅವರ ಪತ್ರ ಹಿಡಿದು ಈ ಇಬ್ಬರು ಬಂದರು. ಆಗ ಗಗನ ಮತ್ತು ಸ್ವರೂಪ್ ನಾಲ್ಕನೆಯ ವರ್ಷದ ವಿದ್ಯಾರ್ಥಿಗಳು. ಅವರ ಕಾಲೇಜಿಗೆ ಹೊಸದಾಗಿ ಒಂದು ಲೇಸರ್ ಯಂತ್ರ ಬಂದಿತ್ತು. ಕಂಪ್ಯೂಟರಿನಲ್ಲಿ ಗೆರೆ ಎಳೆದರೆ ಸಾಕು, ಯಂತ್ರ ಅದೇ ಗೆರೆಯನ್ನು ತೆಳುವಾದ ಹಲಗೆಯಲ್ಲಿ ಬೆಳಕಿನಿಂದ ಸುಟ್ಟು ಕತ್ತರಿಸುತ್ತದೆ. ಅದರಿಂದ ನಮ್ಮ ಹೊಸ ಕಟ್ಟಡದ ಮಾದರಿ ಮಾಡಿ, ನಮ್ಮ ಮಕ್ಕಳಿಗೆ ಮುಟ್ಟಿ ತೋರಿಸುವುದು ಅವರ ಪ್ರಾಜೆಕ್ಟು. ಮೂರು ವಾರ ಕಷ್ಟಪಟ್ಟು ಮೊದಲ ಮಾದರಿ ತಂದರು. ನನ್ನ ತರಗತಿಯ ಮೇಜಿನ ಮೇಲೆ ಇಟ್ಟರು. ಸುಟ್ಟ ಮರದ ವಾಸನೆ ಘಮ್ಮೆಂದಿತು.

ನಾನು ಕೈಯಿಟ್ಟೆ. ಮೊದಲು ಸಿಕ್ಕಿದ್ದು ಸೂರು. ಆಮೇಲೆ ಇನ್ನೊಂದು ಸೂರು. ಪಕ್ಕದಲ್ಲಿ ಚುಚ್ಚುವಂಥದ್ದು ಏನೋ ಇತ್ತು, ಮರಗಳಂತೆ. ಸುತ್ತಲೂ ಸಣ್ಣ ಸಣ್ಣ ಕಿಟಕಿಗಳು, ಎಳ್ಳಿನಷ್ಟು. ನನ್ನ ಬಾಯಿ ಆಗಲೇ "ಚೆನ್ನಾಗಿದೆ" ಎನ್ನಲು ಸಿದ್ಧವಾಗಿತ್ತು. ಅಷ್ಟರಲ್ಲಿ ನನ್ನ ಮೊಣಕೈ ಪಕ್ಕದಲ್ಲಿದ್ದ ಮಗುವಿಗೆ ತಗುಲಿತು. ಲಾಸ್ಯ. ಅವಳೂ ಮಾದರಿಯ ಮೇಲೆ ಕೈಯಾಡಿಸುತ್ತಿದ್ದಳು, ಮುರಿದು ಕೂಡಿದ ಅದೇ ಕೈ.

"ಏನೂ ಗೊತ್ತಾಗ್ತಾ ಇಲ್ಲ ಕಣಪ್ಪ" ಎಂದುಬಿಟ್ಟೆ.

ಗಗನ ಮೂಗೆಳೆದ ಸದ್ದು ಕೇಳಿಸಿತು. ಪಾಪ, ಮೂರು ವಾರದ ಶ್ರಮ. ಬೈದುಕೊಂಡು ಹೋಗುತ್ತಾಳೆ ಎಂದುಕೊಂಡೆ. ಅವಳು ಕುರ್ಚಿ ಎಳೆದುಕೊಂಡು ನನ್ನೆದುರು ಕುಳಿತು ಕೇಳಿದಳು, "ಸರ್, ಏನು ಗೊತ್ತಾಗ್ಬೇಕು ನಿಮ್ಗೆ?"

ಸಭಿಕರೇ, ಆಗ ನನಗೆ ಐವತ್ತೊಂದು ವರ್ಷ. ಆ ಪ್ರಶ್ನೆಯನ್ನು ಅಲ್ಲಿಯವರೆಗೆ ಯಾರೂ ನನ್ನನ್ನು ಕೇಳಿರಲಿಲ್ಲ. ನಾನು ಹೇಳುತ್ತಾ ಹೋದೆ, ಅವಳು ಬರೆದುಕೊಳ್ಳುತ್ತಾ ಹೋದಳು. ಸೂರು ಬೇಡ. ಗೋಡೆ ಬೆರಳಿನ ಒಂದು ಗೆಣ್ಣಿನಷ್ಟು ಎತ್ತರವಿದ್ದರೆ ಸಾಕು. ಕಾರಿಡಾರಿನಲ್ಲಿ ಎರಡು ಬೆರಳು ನಡೆಯುವಷ್ಟು ಜಾಗ ಬೇಕು. ನೆಲ ಎಲ್ಲೆಲ್ಲಿ ಬದಲಾಗುತ್ತದೋ ಅದು ಬೆರಳಿಗೆ ತಿಳಿಯಬೇಕು.

ಆಮೇಲೆ ನಾಲ್ಕು ತಿಂಗಳು ಪ್ರತಿ ಶನಿವಾರ ಮಧ್ಯಾಹ್ನ ಬಂದರು. ಅವರ ಕಾಲೇಜಿರುವ ಯಾದವಗಿರಿಯಿಂದ ನಮ್ಮ ಬನ್ನಿಮಂಟಪದವರೆಗೆ ಗಗನಳ ಸ್ಕೂಟರ್, ಹಿಂದೆ ಮಾದರಿಯನ್ನು ಮಗುವಿನಂತೆ ತಬ್ಬಿಕೊಂಡು ಸ್ವರೂಪ್. ಕೈಯಲ್ಲೇ ಕತ್ತರಿಸಿ ಮಾಡಿದ್ದರೆ ಒಂದು ಮಾದರಿಗೇ ಆ ವರ್ಷ ಮುಗಿಯುತ್ತಿತ್ತು. ಈ ಶನಿವಾರ ನಾವು ತಪ್ಪು ತೋರಿಸಿದರೆ ಮುಂದಿನ ಶನಿವಾರ ಹೊಸದೇ ಬರುತ್ತಿತ್ತು. ಹೀಗೆ ಏಳು ಮಾದರಿಗಳು ಬಂದವು. ಜಗಲಿಗೆ ಗೀರುಗಳು, ಸ್ನಾನದ ಮನೆಗೆ ಚುಕ್ಕಿಗಳು, ಮಲಗುವ ಕೋಣೆಗೆ ನುಣುಪು. ಒಂದು ಹಲಗೆಯ ದಪ್ಪ ಎಂದರೆ ಅರ್ಧ ಅಡಿಯ ಒಂದು ಮೆಟ್ಟಿಲು. ಮಕ್ಕಳು ತಮ್ಮ ಮಂಚಗಳಿಗಾಗಿ ಆಗಲೇ ಜಗಳ ಶುರುಮಾಡಿದ್ದರು. ಕಟ್ಟಡದ ಪಾಯವೇ ತೋಡಿರಲಿಲ್ಲ.

ದೇವಿರಮ್ಮನೂ ಒಂದು ದಿನ ಬಂದು ಮಾದರಿಯ ಅಡುಗೆಮನೆಯನ್ನು ನೋಡಿದಳು. "ಒಲೆನ ಇಲ್ಲಿಟ್ಬುಟ್ಟಿದ್ದೀರಲ್ಲಪ್ಪ. ಗಾಳಿ ಬೀಸಿದ್ರೆ ಒಗ್ಗರಣೆ ಘಾಟೆಲ್ಲಾ ಮಕ್ಳ ಆಸ್ಗೆಗೇ ಓಯ್ತದೆ" ಎಂದಳು. ಮುಂದಿನ ಶನಿವಾರ ಒಲೆ ಜಾಗ ಬದಲಿಸಿತ್ತು.

ಕಂಬ, ಮೆಟ್ಟಿಲುಗಳನ್ನೆಲ್ಲ ಮೊದಲ ಸಲ ತೋರಿಸಿದ ಐದನೆಯ ಮಾದರಿ ಬಂದ ದಿನ ಲಾಸ್ಯ ಎರಡು ಬೆರಳನ್ನು ಮಲಗುವ ಕೋಣೆಯಿಂದ ಹೊರಡಿಸಿ ಊಟದ ಮನೆಯ ಕಡೆ ನಡೆಸುತ್ತಿದ್ದಳು. ನಡುವೆ ನಿಂತಳು.

"ಮೇಷ್ಟ್ರೇ, ಇಲ್ಲೊಂದು ಕಂಬ ದಾರೀಲೇ ನಿಂತದೆ."

ನಾನು ಬೆರಳಿಟ್ಟೆ. ಪೆನ್ಸಿಲ್ಲಿನಷ್ಟು ದಪ್ಪದ ಕಂಬ, ಕಾರಿಡಾರಿನ ನಟ್ಟನಡುವೆ. ಅದರಾಚೆ ಇನ್ನೊಂದು. ಒಟ್ಟು ಆರು. ಅವಳು ಮುಂದೆ ಹೋಗಿ ಸ್ನಾನದ ಮನೆಯ ಬಾಗಿಲಲ್ಲಿ ಮತ್ತೆ ನಿಂತಳು. "ಇಲ್ಲೂ ಮೆಟ್ಲದೆ" ಎಂದಳು. ಅಷ್ಟೇ ಹೇಳಿದಳು. ಸ್ವರೂಪ್ ನಿಧಾನವಾಗಿ, "ನಕ್ಷೆಯಲ್ಲಿ ಹಾಗೇ ಇದೆ ಸರ್, ನಾವು ಸೇರಿಸಿದ್ದಲ್ಲ" ಎಂದ.

ಮರುವಾರ ಸಮಿತಿಯ ಸಭೆ. ಮಾದರಿಯನ್ನು ಹೊರಿಸಿಕೊಂಡು ಹೋದೆ. ಮಹೇಶ್ ಸಾಹೇಬರು ಮರ್ಯಾದೆಯಿಂದಲೇ ಹೇಳಿದರು, "ಮರಿಸ್ವಾಮಿಯವರೇ, ಇದಕ್ಕೆ ನೀವೇ ಒಪ್ಪಿದ್ದೀರಿ. ರುಜು ಫೈಲಿನಲ್ಲಿದೆ." ಅವರು ಹೇಳಿದ್ದರಲ್ಲಿ ತಪ್ಪೇನಿತ್ತು? ನಾನು ಎದ್ದು ನಿಂತೆ.

"ಸಾರ್, ಅವತ್ತು ನಾನು ಒಪ್ಪಿದ್ದು ಕಾಗದಾನ. ಕಟ್ಟಡಾನ ನೋಡಿದ್ದು ಮೊನ್ನೆ ಶನಿವಾರ" ಎಂದೆ. ಸ್ನಾನದ ಮನೆಯ ವಿಷಯವನ್ನೂ, ಮೂರು ವರ್ಷದ ಹಿಂದೆ ತಿಳಿಯದೆಯೇ ತಲೆಯಾಡಿಸಿದ್ದನ್ನೂ ಹೇಳಿದೆ. ನನ್ನನ್ನು ಸಮಿತಿಯಿಂದ ತೆಗೆಯುವುದಾದರೆ ತೆಗೆಯಿರಿ, ಕಂಬಗಳನ್ನು ಮಾತ್ರ ಮೊದಲು ತೆಗೆಯಿರಿ ಎಂದೆ.

ಯಾರೋ ಕುರ್ಚಿ ಹಿಂದೆ ಸರಿಸಿದರು. ಮಹೇಶ್ ಸಾಹೇಬರೇ ಎದ್ದು ಬಂದು ನನ್ನ ಪಕ್ಕದಲ್ಲಿ ನಿಂತಿದ್ದರು. "ಕಣ್ಣು ಮುಚ್ಚಿದ್ದೇನೆ. ಮಲಗುವ ಕೋಣೆಯಲ್ಲಿ ನನ್ನ ಬೆರಳು ಇಡಿ" ಎಂದರು. ಇಟ್ಟೆ. ಅವರ ಬೆರಳು ಹೊರಟಿತು. ಮೊದಲನೆಯ ಕಂಬಕ್ಕೆ ಬಡಿಯಿತು, ಸುತ್ತಿ ಹೋಗಿ ಎರಡನೆಯದಕ್ಕೂ ಬಡಿಯಿತು. ಅಧ್ಯಕ್ಷರು ನಕ್ಕುಬಿಟ್ಟರು. ಮಹೇಶ್ ಸಾಹೇಬರು ನಗಲಿಲ್ಲ. ಮೆಟ್ಟಿಲಿನವರೆಗೆ ಹೋದರು, ಅಲ್ಲಿ ಬೆರಳು ಜಾರಿತು. ಬೆರಳನ್ನು ಅಲ್ಲೇ ಇಟ್ಟುಕೊಂಡು, "ಬೇರೆ ನಕ್ಷೆ ಬರೀತೀನಿ" ಎಂದರು. ಮುಂದಿನ ಶನಿವಾರ ಅವರೂ ನಮ್ಮ ತರಗತಿಗೆ ಬಂದರು, ಮಕ್ಕಳ ಜೊತೆ ನೆಲದ ಮೇಲೆ ಕುಳಿತರು. ತಾನು ಬರೆದದ್ದನ್ನು ತಾನೇ ಅಳಿಸುವುದು ಸುಲಭವಲ್ಲ. ಅವರಿಗೆ ನಾನು ಈ ವೇದಿಕೆಯಿಂದ ಕೈಮುಗಿಯುತ್ತೇನೆ.

ವರ್ಷದ ಕೊನೆಗೆ ಗಿರಿಜಾಂಬಾ ಮೇಡಂ ನನ್ನನ್ನು ಪರೀಕ್ಷಕನಾಗಿ ತಮ್ಮ ಕಾಲೇಜಿಗೆ ಕರೆಸಿದರು. ಉಳಿದ ಪರೀಕ್ಷಕರಲ್ಲೊಬ್ಬರು, ಮಾದರಿ ನೋಡಲು ಅಷ್ಟೇನೂ ಅಂದವಾಗಿಲ್ಲ, ಸೂರೇ ಇಲ್ಲ ಎಂದರು. ನೋಡಿದವರ ಮಾತು ಅದು, ನಾನು ತಳ್ಳಿಹಾಕಲಿಲ್ಲ. ನನ್ನನ್ನು ಕೇಳಿದಾಗ ನೂರು ಅಂಕ ಎಂದೆ. ಮೇಡಂ ಮೆಲ್ಲಗೆ, "ಸರ್, ಇದು ಐವತ್ತಕ್ಕೆ" ಎಂದರು. ಹಾಗಾದರೆ ಒಬ್ಬೊಬ್ಬರಿಗೆ ಐವತ್ತು ಎಂದೆ.

ಗಂಟೆ ಬಾರಿಸಿದ್ದು ಕೇಳಿಸಿತು. ಇನ್ನೊಂದೇ ವಿಷಯ, ಅಧ್ಯಕ್ಷರು ಮನ್ನಿಸಬೇಕು.

ನಿನ್ನೆ ಬೆಳಿಗ್ಗೆ ಈ ಕಟ್ಟಡದ ಬೀಗ ತೆಗೆದರು. ದೇವಿರಮ್ಮ ಅಭ್ಯಾಸದಂತೆ ನನ್ನ ಕೈ ಹಿಡಿಯಲು ಬಂದಳು. "ಬುಡು, ನಾನೇ ಓಯ್ತೀನಿ" ಎಂದೆ. ಸಭಿಕರೇ, ಹೊಸ ಜಾಗ ಎಂದರೆ ನಮ್ಮಂಥವರಿಗೆ ಮೊದಲ ದಿನ ಅವಮಾನ. ಎಂಟನೆಯ ವಯಸ್ಸಿನಲ್ಲಿ ಅಪ್ಪ ನನ್ನನ್ನು ಹಳೆಯ ಕಟ್ಟಡದಲ್ಲಿ ಬಿಟ್ಟುಹೋದ ದಿನ ದಾರಿ ತಪ್ಪಿ ಸೌದೆ ಮನೆ ಸೇರಿ, ಕೂಗಲು ನಾಚಿಕೆಯಾಗಿ, ಸಂಜೆಯವರೆಗೆ ಅಲ್ಲೇ ಕುಳಿತಿದ್ದೆ. ನಿನ್ನೆ ಹಾಗಾಗಲಿಲ್ಲ. ಬಾಗಿಲು ದಾಟಿ ಬಲಕ್ಕೆ ತಿರುಗಿದೆ. ಎಡಗೈಗೆ ಗೋಡೆ ಸಿಕ್ಕಿತು, ಸಿಗಬೇಕಾದಲ್ಲೇ ಸಿಕ್ಕಿತು. ಕಾರಿಡಾರಿನಲ್ಲಿ ಎಲ್ಲೂ ತಡೆಯಿಲ್ಲ. ಸ್ನಾನದ ಮನೆಯ ಮುಂದೆ ಕಾಲಿಗೆ ಒರಟು ಕಲ್ಲು ಸಿಕ್ಕಿತು, ಮೆಟ್ಟಿಲಿಲ್ಲ. ಊಟದ ಮನೆ, ಅದರ ಪಕ್ಕ ನನ್ನ ಹೊಸ ತರಗತಿ. ಹಿಂದೆಂದೂ ಹೋಗದ ಜಾಗಕ್ಕೆ ನಾನು ಹಳಬನಂತೆ ಹೋದೆ.

ತರಗತಿಯ ಒಳಗೆ ಮಾತ್ರ ಮಾದರಿಯಲ್ಲಿ ಇರದಿದ್ದ ಒಂದು ಸಂಗತಿ ಇತ್ತು. ಕಿಟಕಿಯ ಕೆಳಗಿನ ಕಲ್ಲಿನ ಕಟ್ಟೆಯ ಮೇಲೆ ಕುಳಿತೆ. ಬೆನ್ನಿಗೆ, ಭುಜಕ್ಕೆ, ಎರಡು ಕೈಗೂ ಬೆಚ್ಚಗಾಯಿತು. ಹಿಂದೆ ಬಂದ ದೇವಿರಮ್ಮ ಬಾಗಿಲಲ್ಲಿ ನಿಂತು ಕೇಳಿದಳು:

"ಯಾಕ್ರೀ, ದಾರಿ ತಪ್ತಾ? ಇಲ್ಲಿ ಕೂತ್ಬುಟ್ರಲ್ಲ?"

"ಇಲ್ಲ ಕಣೇ. ಬಿಸ್ಲು ಎಷ್ಟು ಚೆನ್ನಾಗದೆ ನೋಡು."

ಅವಳೂ ಬಂದು ಪಕ್ಕದಲ್ಲಿ ಕುಳಿತಳು. ಈ ಸಲ ನಾನು ಚೆನ್ನಾಗಿದೆ ಎಂದದ್ದು ಚೆನ್ನಾಗಿಯೇ ಇತ್ತು.

ಗಗನ, ಸ್ವರೂಪ್, ನೀವು ಮುಂದೆ ದೊಡ್ಡ ದೊಡ್ಡ ಕಟ್ಟಡಗಳನ್ನು ಕಟ್ಟುತ್ತೀರಿ. ಕಟ್ಟುವ ಮೊದಲು ಅಲ್ಲಿ ಇರುವವರನ್ನು ಕೇಳಿ. ಅವರು ಚೆನ್ನಾಗಿದೆ ಎಂದರೆ ಇನ್ನೊಮ್ಮೆ ಕೇಳಿ. ಮೇಡಂ ಅವರಿಗೆ, ಮಹೇಶ್ ಸಾಹೇಬರಿಗೆ, ನನ್ನನ್ನು ಇನ್ನೂ ಸಮಿತಿಯಲ್ಲಿ ಇಟ್ಟುಕೊಂಡಿರುವ ಅಧ್ಯಕ್ಷರಿಗೆ, ಇಷ್ಟು ಹೊತ್ತು ಕೇಳಿದ ನಿಮಗೆಲ್ಲ ನನ್ನ ಕೃತಜ್ಞತೆಗಳು. ಈಗ ಊಟ. ದೇವಿರಮ್ಮ ಗಸಗಸೆ ಪಾಯಸ ಮಾಡಿದ್ದಾಳೆ. ಊಟದ ಮನೆಯ ದಾರಿ ಗೊತ್ತಿಲ್ಲದವರು ಸಂಕೋಚಪಡಬೇಡಿ, ನಮ್ಮ ಮಕ್ಕಳಲ್ಲಿ ಯಾರದಾದರೂ ಕೈ ಹಿಡಿದುಕೊಳ್ಳಿ. ಅವರು ಕರೆದುಕೊಂಡು ಹೋಗುತ್ತಾರೆ.

ನಮಸ್ಕಾರ.